ಯಾವ ಲವಣ ಹಿಡಿದರೂ ಜ್ವಾಲೆ ಹಳದಿಯೇ ಏಕೆ?

ಪ್ರಶ್ನೆ: ನಾನು ಶಿರಸಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಜ್ವಾಲೆಯ ಬಣ್ಣದಿಂದ ಲೋಹಗಳನ್ನು ಗುರುತಿಸುವ ಪ್ರಯೋಗವನ್ನು ಕಳೆದ ವಾರ ಮಕ್ಕಳಿಗೆ ತೋರಿಸಿದೆ. ನಮ್ಮಲ್ಲಿರುವುದು ಸ್ಪಿರಿಟ್ ದೀಪ ಮತ್ತು ಒಂದೇ ಒಂದು ನಿಕ್ರೋಮ್ ತಂತಿ. ಮೊದಲು ಅಡುಗೆ ಉಪ್ಪು ಹಿಡಿದಾಗ ಒಳ್ಳೆಯ ಹಳದಿ ಬಣ್ಣ ಬಂತು. ಆಮೇಲೆ ಪೊಟ್ಯಾಷ್ ಗೊಬ್ಬರ, ಬೇರಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಹಿಡಿದರೆ ಅವೂ ಹಳದಿಯೇ. ಮೈಲುತುತ್ತು ಮಾತ್ರ ಹಸಿರಾಯಿತು. ಮೆಗ್ನೀಷಿಯಂ ಬಿಳಿ ಬೆಳಕಿನಿಂದ ಉರಿಯುತ್ತದೆ ಎಂದು ಹೇಳಿದ್ದೆ, ಆದರೆ ಮೆಗ್ನೀಷಿಯಂ ಸಲ್ಫೇಟ್ ಯಾವ ಬಣ್ಣವನ್ನೂ ಕೊಡಲಿಲ್ಲ. “ಮೇಡಂ, ಪುಸ್ತಕದಲ್ಲಿ ಬರೆದದ್ದು ಸುಳ್ಳಾ?” ಎಂದು ಮಕ್ಕಳು ಕೇಳಿದರು. ಒಬ್ಬ ಹುಡುಗ ಹಸಿರು ಜ್ವಾಲೆಗೂ ಹಳದಿಗೂ ವ್ಯತ್ಯಾಸವೇ ಇಲ್ಲ ಎಂದ. ಬಟ್ಟಲುಗಳಲ್ಲಿ ಲವಣ ಹಾಕಿ, ಮೇಲೆ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಸುರಿದು ಹಚ್ಚಿದರೆ ಬಣ್ಣಗಳು ಚೆನ್ನಾಗಿ ಕಾಣುತ್ತವೆ ಎಂದು ಸಹೋದ್ಯೋಗಿಯೊಬ್ಬರು ವಿಡಿಯೊ ತೋರಿಸಿದರು. ಹಾಗೆ ಮಾಡಬಹುದೇ? ಬಣ್ಣ ನೋಡಿ ಲೋಹವನ್ನು ನಿಜಕ್ಕೂ ಗುರುತಿಸಲು ಸಾಧ್ಯವೇ?

ಉತ್ತರ: ಕೊನೆಯ ಪ್ರಶ್ನೆಗಿಂತ ಮೊದಲು ಸ್ಪಿರಿಟ್ ಸುರಿಯುವ ವಿಚಾರವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಉಳಿದ ತಪ್ಪುಗಳಿಂದ ಒಂದು ತರಗತಿ ವ್ಯರ್ಥವಾಗಬಹುದು, ಇದರಿಂದ ಒಂದು ಮಗುವಿನ ಮುಖವೇ ಸುಟ್ಟುಹೋಗಬಹುದು. ದಯವಿಟ್ಟು ಅದನ್ನು ಮಾಡಬೇಡಿ. ಚಿಕ್ಕ ಪ್ರಮಾಣದಲ್ಲಿಯೂ ಬೇಡ, ದೂರ ನಿಲ್ಲಿಸಿಯೂ ಬೇಡ.

ಸ್ಪಿರಿಟ್‌ನಲ್ಲಿ ಇರುವುದು ಎಥನಾಲ್, ಮೆಥನಾಲ್ ಎಂಬ ಮದ್ಯಸಾರಗಳು. ಮೆಥನಾಲ್ 11 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ ಉಷ್ಣತೆಯಲ್ಲೇ ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುತ್ತದೆ. ಎಥನಾಲ್ ಅದಕ್ಕಿಂತ ಕೆಲವೇ ಡಿಗ್ರಿ ಮೇಲಿದೆ. ಅಂದರೆ ನಮ್ಮ ಊರುಗಳ ಯಾವ ತರಗತಿ ಕೋಣೆಯಲ್ಲಾದರೂ, ಯಾವ ತಿಂಗಳಲ್ಲಾದರೂ, ಬಾಟಲಿಯ ಬಾಯಿ ತೆರೆದ ಕ್ಷಣದಿಂದಲೇ ಅಪಾಯ ಅಲ್ಲಿರುತ್ತದೆ. ಮೆಥನಾಲಿನ ಜ್ವಾಲೆ ಹಗಲು ಬೆಳಕಿನಲ್ಲಿ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಅಪಘಾತಗಳು ನಡೆಯುವ ಬಗೆ ಬಹುಮಟ್ಟಿಗೆ ಒಂದೇ: ಬಟ್ಟಲಿನ ಬೆಂಕಿ ಆರಿತೆಂದು ಭಾವಿಸಿ ಶಿಕ್ಷಕರು ಬಾಟಲಿಯಿಂದ ಮತ್ತಷ್ಟು ಸುರಿಯುತ್ತಾರೆ, ಉಳಿದಿದ್ದ ಕಿಡಿ ಸುರಿಯುವ ಧಾರೆಯನ್ನು ಹಿಡಿದು ಬಾಟಲಿಯೊಳಗಿನ ಆವಿಗೆ ತಗಲುತ್ತದೆ, ಬಾಟಲಿಯ ಬಾಯಿಂದ ಉರಿಯುವ ದ್ರವ ಪಿಚಕಾರಿಯಂತೆ ಚಿಮ್ಮಿ ಎದುರಿನ ಬೆಂಚಿನ ಮಕ್ಕಳ ಮೇಲೆ ಬೀಳುತ್ತದೆ. ಅಮೆರಿಕದಲ್ಲಿ 2014ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಒಂದು ವಸ್ತುಸಂಗ್ರಹಾಲಯದಲ್ಲಿಯೂ ಒಂದು ಶಾಲೆಯಲ್ಲಿಯೂ ಮೆಥನಾಲ್ ಬಳಸಿದ ಪ್ರದರ್ಶನಗಳಿಂದ ಮಕ್ಕಳು ಸುಟ್ಟುಕೊಂಡ ಮೇಲೆ, ಅಲ್ಲಿನ ಕೆಮಿಕಲ್ ಸೇಫ್ಟಿ ಬೋರ್ಡ್ ಎಚ್ಚರಿಕೆ ಹೊರಡಿಸಿತು. ಅಮೆರಿಕನ್ ಕೆಮಿಕಲ್ ಸೊಸೈಟಿಯ ಸುರಕ್ಷತಾ ಸಮಿತಿಯೂ ಅದೇ ವರ್ಷ ‘ಕಾಮನಬಿಲ್ಲು’ ಎಂದು ಹೆಸರಾದ ಈ ಪ್ರದರ್ಶನವನ್ನು ನಿಲ್ಲಿಸುವಂತೆ ಹೇಳಿತು. ಸ್ಯಾನಿಟೈಸರ್ ಎಂದರೆ ಬಹುಪಾಲು ಮದ್ಯಸಾರವೇ. ಜೆಲ್ ರೂಪದಲ್ಲಿರುವುದು ಚರ್ಮಕ್ಕೆ ಅಂಟಿಕೊಂಡು ಉರಿಯುತ್ತದೆ. ವಿಡಿಯೊದಲ್ಲಿ ಕಾಣುವ ಬಣ್ಣ ನಿಜ, ಸುರಿಯುವ ಕೈಗೆ ಇರುವ ಅಪಾಯ ಅದರಲ್ಲಿ ಕಾಣುವುದಿಲ್ಲ.

ಇನ್ನು ನಿಮ್ಮ ತರಗತಿಯಲ್ಲಿ ನಡೆದದ್ದು. ಪುಸ್ತಕ ಸುಳ್ಳು ಹೇಳಿಲ್ಲ, ನಿಮ್ಮ ಕೈಯಲ್ಲಿದ್ದ ಲವಣಗಳೂ ಬಹುಶಃ ಸರಿಯಾಗಿಯೇ ಇದ್ದವು. ಮೂರು ದಶಕಗಳ ಕಾಲ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಲವಣ ವಿಶ್ಲೇಷಣೆ ಮಾಡಿಸಿದ ನನಗೆ ವರ್ಷದ ಮೊದಲ ತಿಂಗಳಿನಲ್ಲಿ ಅತಿ ಹೆಚ್ಚು ಕೇಳಿಬರುತ್ತಿದ್ದ ಮಾತು “ಸರ್, ಹಳದಿ ಬಂತು” ಎಂಬುದೇ. ಆ ಹಳದಿಯನ್ನು ಅರ್ಥ ಮಾಡಿಕೊಂಡರೆ ಈ ಪರೀಕ್ಷೆಯ ಮುಕ್ಕಾಲು ಪಾಲು ಅರ್ಥವಾದಂತೆ.

ಮನೆಯಲ್ಲಿ ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದಾಗ ನೀಲಿ ಜ್ವಾಲೆ ಥಟ್ಟನೆ ಹಳದಿಗೆ ತಿರುಗುವುದನ್ನು ನಿಮ್ಮ ಮಕ್ಕಳೆಲ್ಲರೂ ನೋಡಿರುತ್ತಾರೆ. ಅದು ಸಾರಿನ ಉಪ್ಪಿನಲ್ಲಿರುವ ಸೋಡಿಯಂನ ಬೆಳಕು. ಬಿಸಿ ಜ್ವಾಲೆಯಲ್ಲಿ ಉಪ್ಪು ಆವಿಯಾಗಿ, ಒಡೆದು, ಬಿಡಿ ಸೋಡಿಯಂ ಪರಮಾಣುಗಳು ಉಂಟಾಗುತ್ತವೆ. ಅವುಗಳ ಹೊರಗಿನ ಎಲೆಕ್ಟ್ರಾನು ಶಾಖವನ್ನು ಹೀರಿ ಮೇಲಿನ ಶಕ್ತಿಮಟ್ಟಕ್ಕೆ ಏರಿ, ಮರುಕ್ಷಣವೇ ಕೆಳಗಿಳಿಯುವಾಗ ಹೆಚ್ಚಿನ ಶಕ್ತಿಯನ್ನು 589.0 ಮತ್ತು 589.6 ನ್ಯಾನೋಮೀಟರ್ ಅಲೆಯುದ್ದದ ಬೆಳಕಾಗಿ ಬಿಟ್ಟುಕೊಡುತ್ತದೆ. ಸುಮಾರು 2,000 ಕೆಲ್ವಿನ್ ಉಷ್ಣತೆಯ ಜ್ವಾಲೆಯಲ್ಲಿ ಯಾವುದೇ ಕ್ಷಣಕ್ಕೆ ಹೀಗೆ ಮೇಲೇರಿರುವ ಸೋಡಿಯಂ ಪರಮಾಣುಗಳು ಲಕ್ಷಕ್ಕೆ ಒಂದರಷ್ಟು ಮಾತ್ರ. ಆದರೂ ಅಷ್ಟು ಬೆಳಕು! ಕಾರಣ, ಸೋಡಿಯಂ ಲವಣಗಳು ಸುಲಭವಾಗಿ ಆವಿಯಾಗುತ್ತವೆ, ಅದರ ಎಲೆಕ್ಟ್ರಾನನ್ನು ಏರಿಸಲು ಬೇಕಾದ ಶಕ್ತಿ ಕಡಿಮೆ, ಮತ್ತು ಹೊರಬರುವ ಬೆಳಕು ನಮ್ಮ ಕಣ್ಣು ಚುರುಕಾಗಿ ಗ್ರಹಿಸುವ ಪ್ರದೇಶದಲ್ಲೇ ಬೀಳುತ್ತದೆ.

ಈ ಸೂಕ್ಷ್ಮತೆ ಎಷ್ಟೆಂಬುದನ್ನು ಹೈಡಲ್‌ಬರ್ಗ್‌ನಲ್ಲಿ ಜರ್ಮನ್ ವಿಜ್ಞಾನಿಗಳಾದ ರಾಬರ್ಟ್ ಬುನ್ಸೆನ್ ಮತ್ತು ಗುಸ್ತಾವ್ ಕಿರ್ಕಾಫ್ 1860ರಲ್ಲಿಯೇ ಅಳೆದು ತೋರಿಸಿದ್ದರು. ಕೋಣೆಯ ಒಂದು ಮೂಲೆಯಲ್ಲಿ ಮೂರು ಮಿಲಿಗ್ರಾಂ ಸೋಡಿಯಂ ಕ್ಲೋರೇಟನ್ನು ಹಾಲಿನ ಸಕ್ಕರೆಯೊಂದಿಗೆ ಸಿಡಿಸಿ, ದೂರದಲ್ಲಿದ್ದ ಜ್ವಾಲೆಯನ್ನು ರೋಹಿತದರ್ಶಕದಲ್ಲಿ (ಬೆಳಕನ್ನು ಬಿಡಿಬಣ್ಣಗಳ ಗೆರೆಗಳಾಗಿ, ಅಂದರೆ ರೋಹಿತವಾಗಿ, ಹರಡಿ ತೋರಿಸುವ ಉಪಕರಣದಲ್ಲಿ) ನೋಡುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಸೋಡಿಯಂನ ಗೆರೆ ಬೆಳಗಿತು. ಒಂದು ಮಿಲಿಗ್ರಾಮಿನ 30 ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಸೋಡಿಯಂ ಲವಣ ಕಣ್ಣಿಗೆ ಕಾಣುತ್ತದೆ ಎಂದು ಅವರು ಲೆಕ್ಕ ಹಾಕಿದರು. ಹಾಗಿರುವಾಗ ಬೆರಳ ಬೆವರು, ನಲ್ಲಿ ನೀರು, ಗಾಳಿಯ ದೂಳು, ಹಿಂದಿನ ಲವಣದ ಅಂಟು ಇವೆಲ್ಲವೂ ನಿಮ್ಮ ತಂತಿಯನ್ನು ಹಳದಿಯಾಗಿಸಲು ಬೇಕಾದಷ್ಟಾಯಿತು. ನೀವು ಉಪ್ಪಿನಿಂದಲೇ ಆರಂಭಿಸಿ ಅದೇ ತಂತಿಯಲ್ಲಿ ಮುಂದುವರಿದಿರಿ. ಆ ದಿನ ಹಳದಿ ಕೊಟ್ಟ ಲವಣಗಳಲ್ಲೆಲ್ಲ ಸೋಡಿಯಂ ಬೆರೆತಿತ್ತು. ಆದ್ದರಿಂದ ಹಳದಿ ಕಂಡೊಡನೆ ‘ಇದು ಸೋಡಿಯಂ ಲವಣ’ ಎಂದು ಬರೆಯುವುದು ತಪ್ಪು. ಗಾಢ ಹಳದಿ ಬಹಳ ಹೊತ್ತು ಆರದೆ ನಿಂತರೆ ಮಾತ್ರ ಆ ಮಾತಿಗೆ ಬಲ ಬರುತ್ತದೆ.

ಹಳದಿಯಿಂದ ಮೋಸಹೋದವರಲ್ಲಿ ದೊಡ್ಡವರೂ ಇದ್ದಾರೆ, ಅದಕ್ಕೆ ನಮ್ಮ ನಾಡಿನ ಒಂದು ಊರು ಸಾಕ್ಷಿಯಾಗಿದೆ ಎಂಬುದನ್ನು ಮಕ್ಕಳಿಗೆ ಹೇಳಬಹುದು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು ಜಮಖಂಡಿಯಲ್ಲಿ ಬೀಡುಬಿಟ್ಟಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡು, ಕಿತ್ತಳೆ ಗೆರೆ ಸೋಡಿಯಂನದೇ ಎಂದು ತಮ್ಮ ಉಪಕರಣದ ಮಿತಿಯೊಳಗೆ ತೀರ್ಮಾನಿಸಿದರು. ವಾಸ್ತವದಲ್ಲಿ ಅದು 587.6 ನ್ಯಾನೋಮೀಟರಿನ, ಅದುವರೆಗೆ ಯಾರಿಗೂ ಗೊತ್ತಿರದ ಹೀಲಿಯಂನ ಗೆರೆ. ಒಂದೂವರೆ ನ್ಯಾನೋಮೀಟರಿನಷ್ಟು ಅಂತರವನ್ನು ಬರಿಗಣ್ಣು ಎಂದೂ ಬೇರ್ಪಡಿಸಲಾರದು.

ಈಗ ಮೆಗ್ನೀಷಿಯಂ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಾಗಿ ಬೆರೆತುಹೋಗಿವೆ, ಪಾಠ ಹೇಳುವವರಲ್ಲಿಯೂ ಈ ಗೊಂದಲ ಸಾಮಾನ್ಯ. ಮೆಗ್ನೀಷಿಯಂ ಪಟ್ಟಿ ಹೊತ್ತಿದಾಗ ಲೋಹ ನಿಜವಾಗಿ ಉರಿಯುತ್ತದೆ, ಆಮ್ಲಜನಕದೊಡನೆ ಸೇರಿ ಆಕ್ಸೈಡ್ ಆಗುತ್ತದೆ, ಆ ಆಕ್ಸೈಡಿನ ಕಣಗಳು ಬಿಳಿಯಾಗಿ ಕಾಯ್ದು ಬೆಳಗುತ್ತವೆ. ಜ್ವಾಲಾ ಪರೀಕ್ಷೆಯಲ್ಲಿ ಲೋಹ ಉರಿಯುವುದಿಲ್ಲ. ಉರಿಯುವುದು ಗ್ಯಾಸು, ಲೋಹದ ಪರಮಾಣು ಆ ಶಾಖವನ್ನು ತೆಗೆದುಕೊಂಡು ಬೆಳಕಾಗಿ ಹಿಂದಿರುಗಿಸುತ್ತದೆ ಅಷ್ಟೆ. ಮೆಗ್ನೀಷಿಯಂ ಪರಮಾಣುವಿನ ಮುಖ್ಯ ಗೆರೆ 285.2 ನ್ಯಾನೋಮೀಟರಿನಲ್ಲಿ, ಅಂದರೆ ಅತಿನೇರಳೆಯಲ್ಲಿದೆ. ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸತುವಿನ ಕಥೆಯೂ ಹೀಗೆಯೇ. ಅಲ್ಯೂಮಿನಿಯಂ, ಕಬ್ಬಿಣಗಳೂ ಸಾಮಾನ್ಯ ಬರ್ನರಿನಲ್ಲಿ ಗುರುತು ಹಿಡಿಯುವಂಥ ಬಣ್ಣ ಕೊಡುವುದಿಲ್ಲ. ನಿಮ್ಮ ಮೆಗ್ನೀಷಿಯಂ ಸಲ್ಫೇಟ್ ಬಣ್ಣ ಕೊಡದೆ ಇದ್ದದ್ದೇ ಸರಿಯಾದ ಫಲಿತಾಂಶ. ‘ಪ್ರತಿ ಲೋಹಕ್ಕೂ ಒಂದು ಬಣ್ಣ’ ಎಂಬ ಮಾತೇ ತಪ್ಪು.

‘ಆ ಬಣ್ಣ ಲೋಹದ್ದು’ ಎಂಬ ಮಾತಿಗೂ ಸ್ವಲ್ಪ ತಿದ್ದುಪಡಿ ಬೇಕು. ಸೋಡಿಯಂ, ಪೊಟ್ಯಾಸಿಯಂ, ಲಿಥಿಯಂಗಳ ವಿಷಯದಲ್ಲಿ ಬೆಳಕು ಬಿಡಿ ಪರಮಾಣುವಿನದು. ಆದರೆ ಕ್ಯಾಲ್ಸಿಯಂನ ಇಟ್ಟಿಗೆ ಕೆಂಪು ಹುಟ್ಟುವುದು ಜ್ವಾಲೆಯಲ್ಲಿ ಕ್ಷಣಕಾಲ ಉಂಟಾಗುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಣುವಿನಿಂದ. ಅದು 622 ನ್ಯಾನೋಮೀಟರ್ ಸುತ್ತ ಕಿತ್ತಳೆ-ಕೆಂಪು ಪಟ್ಟೆಯನ್ನೂ 554ರ ಸುತ್ತ ಹಸಿರು ಪಟ್ಟೆಯನ್ನೂ ಕೊಡುತ್ತದೆ. ಸ್ಟ್ರಾನ್ಷಿಯಂ, ಬೇರಿಯಂಗಳಲ್ಲಿಯೂ ಬಣ್ಣದ ದೊಡ್ಡ ಪಾಲು ಇಂಥ ಅಣುಗಳದೇ. ತಾಮ್ರ ಇನ್ನೂ ಸೂಕ್ಷ್ಮ. ನಿಮ್ಮ ಭಾಗದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತರುವ ಮೈಲುತುತ್ತು ತಾಮ್ರದ ಸಲ್ಫೇಟ್. ಅದನ್ನು ಹಾಗೆಯೇ ಹಿಡಿದರೆ ಹಸಿರು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಹಿಡಿದರೆ ತಾಮ್ರ ಕ್ಲೋರೈಡಿನ ಅಣುವಿನಿಂದಾಗಿ ನೀಲಿ ಸೇರಿಕೊಳ್ಳುತ್ತದೆ. ಎರಡನ್ನೂ ಒಂದರ ಪಕ್ಕ ಒಂದು ತೋರಿಸಿ ನೋಡಿ, ಒಂದೇ ಲೋಹ ಎರಡು ಬಣ್ಣ ಕೊಟ್ಟದ್ದು ಏಕೆಂದು ಮಕ್ಕಳೇ ಕೇಳುತ್ತಾರೆ. ಹಸಿರೆಲ್ಲವೂ ಲೋಹವಲ್ಲ ಎಂಬುದಕ್ಕೆ ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿ ಸಾಕು. ಬೋರಾನ್ ಲೋಹವಲ್ಲ, ಆದರೂ ಅದರ ಹಸಿರನ್ನು ಬೇರಿಯಂ ಎಂದು ಬರೆದವರನ್ನು ನಾನು ಕಂಡಿದ್ದೇನೆ.

ಪೊಟ್ಯಾಷ್ ಗೊಬ್ಬರ ಹಳದಿಯಾದದ್ದಕ್ಕೆ ತಂತಿಯ ಜೊತೆಗೆ ಇನ್ನೂ ಎರಡು ಕಾರಣಗಳಿವೆ. ಗೊಬ್ಬರದ ದರ್ಜೆಯ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಸೋಡಿಯಂ ಕ್ಲೋರೈಡ್ ಸ್ವಲ್ಪ ಇದ್ದೇ ಇರುತ್ತದೆ. ಅಲ್ಲದೆ ಪೊಟ್ಯಾಸಿಯಂನ ಬಲವಾದ ಗೆರೆಗಳು 766.5 ಮತ್ತು 769.9 ನ್ಯಾನೋಮೀಟರಿನಲ್ಲಿ, ಕಣ್ಣಿನ ಗ್ರಹಿಕೆ ಮುಗಿದುಹೋಗುವ ಕೆಂಪಿನ ಅಂಚಿನಲ್ಲಿವೆ. 404 ನ್ಯಾನೋಮೀಟರಿನ ನೇರಳೆ ಗೆರೆ ದುರ್ಬಲ. ನಾವು ನೋಡುವ ತೆಳು ನೇರಳೆ ಇವೆರಡೂ ಸೇರಿ ಆದದ್ದು, ಸ್ವಲ್ಪವೇ ಹಳದಿ ಬಂದರೂ ಅದು ಮುಚ್ಚಿಹೋಗುತ್ತದೆ. ಇದಕ್ಕೆಂದೇ ನೀಲಿ ಕೋಬಾಲ್ಟ್ ಗಾಜು ಇರುವುದು: ಅದು ಹಳದಿಯನ್ನು ಹೀರಿಕೊಂಡು ನೇರಳೆಯನ್ನೂ ಕಡುಗೆಂಪನ್ನೂ ಒಳಬಿಡುತ್ತದೆ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ, ಒಂದು ಚೂರು ಇದ್ದರೆ ಇಡೀ ತರಗತಿಗೆ ಸಾಕು. ಅದರ ಮೂಲಕ ಕ್ಯಾಲ್ಸಿಯಂನ ಇಟ್ಟಿಗೆ ಕೆಂಪು ಹಸಿರಾಗಿ, ಸ್ಟ್ರಾನ್ಷಿಯಂನ ಕಡುಗೆಂಪು ನೇರಳೆಯಾಗಿ ಕಾಣುತ್ತದೆ. ಈ ಎರಡು ಕೆಂಪುಗಳ ನಡುವೆ ಒದ್ದಾಡುವ ಪಿಯುಸಿ ವಿದ್ಯಾರ್ಥಿಗಳಿಗೆ ಇದು ಬಹಳ ನೆರವಾಗುತ್ತದೆ.

ಬೇರಿಯಂ ವಿಷಯದಲ್ಲಿ ಆತುರವೂ ಒಂದು ಕಾರಣವಾಗಿರಬಹುದು. ಸೋಡಿಯಂ ಕ್ಲೋರೈಡ್ 801 ಡಿಗ್ರಿಯಲ್ಲಿ ಕರಗಿದರೆ ಬೇರಿಯಂ ಕ್ಲೋರೈಡ್ 962 ಡಿಗ್ರಿಯಲ್ಲಿ ಕರಗುತ್ತದೆ, ಆವಿಯಾಗುವುದು ಇನ್ನೂ ನಿಧಾನ. ಮೊದಲು ಚಿಮ್ಮುವ ಹಳದಿಯನ್ನು ನೋಡಿ ತಂತಿ ತೆಗೆದುಬಿಟ್ಟರೆ ಸೇಬು ಹಸಿರು ಬರುವ ಮೊದಲೇ ಪರೀಕ್ಷೆ ಮುಗಿದಿರುತ್ತದೆ. ಜ್ವಾಲೆಯ ಅಂಚಿನಲ್ಲಿ ತಂತಿಯನ್ನು ಹಿಡಿದು, ಹಳದಿ ಕಡಿಮೆಯಾಗುವ ತನಕ ಕಾಯಬೇಕು, ಆರತೊಡಗಿದರೆ ಮತ್ತೆ ಆಮ್ಲದಲ್ಲಿ ಅದ್ದಿ ಹಿಡಿಯಬೇಕು. ಸ್ಪಿರಿಟ್ ದೀಪದಲ್ಲಿ ಇಷ್ಟು ಶಾಖ ಸಿಗುವುದು ಕಷ್ಟ, ಅದರ ಜ್ವಾಲೆಯ ತುದಿಯೇ ಹಳದಿ. ತಾಮ್ರ, ಸೋಡಿಯಂಗಳಿಗೆ ಅದು ನಡೆಯುತ್ತದೆ. ಬೇರಿಯಂಗೆ ನಡೆಯುವುದಿಲ್ಲವೆಂದೇ ಇಟ್ಟುಕೊಳ್ಳಿ.

ಹಾಗಾದರೆ ನೀವು ಏನು ಮಾಡಬಹುದು? ಸಾಧ್ಯವಾದರೆ ಚಿಕ್ಕ ಗ್ಯಾಸ್ ಸಿಲಿಂಡರಿಗೆ ಜೋಡಿಸುವ ಬರ್ನರ್ ಒಂದನ್ನು ಶಾಲೆಗೆ ತರಿಸಿಕೊಳ್ಳಿ, ಇಲ್ಲವೇ ಅಕ್ಕಸಾಲಿಗರು ಬಳಸುವಂಥ ಗ್ಯಾಸ್ ಟಾರ್ಚನ್ನು ಸ್ಟ್ಯಾಂಡಿಗೆ ಬಿಗಿದು ನಿಲ್ಲಿಸಿ. ರಬ್ಬರ್ ಕೊಳವೆಯ ಬಿರುಕು, ಸೋರಿಕೆಗಳನ್ನು ಸಾಬೂನು ನೀರು ಹಚ್ಚಿ ನೋಡಿದ ಮೇಲೆಯೇ ಹಚ್ಚಬೇಕು. ಬಿಸಿಯೂಟದ ಅಡುಗೆಮನೆಯ ಒಲೆಯಲ್ಲಿ ಮಾಡೋಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೀರಿನಲ್ಲಿ ಕರಗುವ ಬೇರಿಯಂ ಲವಣ ವಿಷ, ಅದು ಅನ್ನ ಬೇಯುವ ಜಾಗಕ್ಕೆ ಹೋಗಬಾರದು.

ತಂತಿಯ ವಿಧಾನದಲ್ಲಿ ಪ್ರತಿ ಲವಣಕ್ಕೂ ಬೇರೆ ತಂತಿ ಇರಲಿ. ನಿಕ್ರೋಮ್ ತಂತಿ ದುಬಾರಿಯಲ್ಲ. ವಾಚ್ ಗ್ಲಾಸಿನಲ್ಲಿ ಕೆಲವೇ ಹನಿ ಹೈಡ್ರೋಕ್ಲೋರಿಕ್ ಆಮ್ಲ ತೆಗೆದುಕೊಂಡು, ತಂತಿಯನ್ನು ಅದ್ದಿ ಕಾಯಿಸಿ, ಮತ್ತೆ ಅದ್ದಿ ಕಾಯಿಸಿ, ಜ್ವಾಲೆಗೆ ಯಾವ ಬಣ್ಣವೂ ಬಾರದಾದ ಮೇಲೆ ಮಾತ್ರ ಲವಣ ಮುಟ್ಟಿಸಿ. ಆಮ್ಲ ಲವಣವನ್ನು ಸುಲಭವಾಗಿ ಆವಿಯಾಗುವ ಕ್ಲೋರೈಡಾಗಿ ಮಾರ್ಪಡಿಸುವ ಕೆಲಸವನ್ನೂ ಮಾಡುತ್ತದೆ. ಸಾಂದ್ರ ಆಮ್ಲ ಹೊಗೆಯಾಡುತ್ತದೆ, ಕಣ್ಣು ಮತ್ತು ಗಂಟಲನ್ನು ಉರಿಸುತ್ತದೆ. ಕಿಟಕಿ ತೆರೆದಿರಬೇಕು, ಬಾಟಲಿ ನಿಮ್ಮ ಕೈಯಲ್ಲಿ ಮಾತ್ರ ಇರಬೇಕು, ಕನ್ನಡಕ ಹಾಕಿಕೊಳ್ಳಬೇಕು. ಶೌಚಾಲಯ ತೊಳೆಯಲು ಮಾರುವ ಆಮ್ಲ ಬೇಡ, ಅದರಲ್ಲಿ ಇತರ ಲವಣಗಳ ಕಲ್ಮಶ ಇರಬಹುದು. ಖಾಲಿ ತಂತಿಯನ್ನು ಮಕ್ಕಳಿಗೆ ಮೊದಲು ತೋರಿಸಿ, ಆಮೇಲೆ ಪೊಟ್ಯಾಸಿಯಂ, ಬೇರಿಯಂ, ಕ್ಯಾಲ್ಸಿಯಂ, ತಾಮ್ರ ಎಂಬ ಕ್ರಮದಲ್ಲಿ ಸಾಗಿ, ಸೋಡಿಯಂ ಅನ್ನು ಕಡೆಗೆ ಇಟ್ಟುಕೊಳ್ಳಿ. ಉಪ್ಪಿನ ಡಬ್ಬಿ ಅಲ್ಲಿಯವರೆಗೆ ಮೇಜಿನ ಮೇಲೆಯೂ ಬರಬಾರದು.

ಆಮ್ಲವೇ ಬೇಡವೆನಿಸಿದರೆ ಐಸ್‌ಕ್ರೀಂ ಕಡ್ಡಿಗಳ ವಿಧಾನವಿದೆ. ಪ್ರೌಢಶಾಲೆಗೆ ನನ್ನ ಸಲಹೆ ಇದೇ. ಕಡ್ಡಿಗಳನ್ನು ಮೊದಲು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಬೇರೆ ಬೇರೆ ಲವಣಗಳ ದ್ರಾವಣದಲ್ಲಿ ರಾತ್ರಿಯಿಡೀ ನೆನೆಹಾಕಿ, ಒದ್ದೆಯಾಗಿರುವಾಗಲೇ ಜ್ವಾಲೆಯ ಅಂಚಿಗೆ ಹಿಡಿಯಬೇಕು. ಬಟ್ಟಿ ಇಳಿಸಿದ ನೀರು ಬ್ಯಾಟರಿ ನೀರಿನ ಹೆಸರಿನಲ್ಲಿ ಗ್ಯಾರೇಜುಗಳಲ್ಲಿ ಸಿಗುತ್ತದೆ. ಕಡ್ಡಿಯ ಹಿಡಿಯುವ ತುದಿಯನ್ನು ಮಾತ್ರ ಮುಟ್ಟಬೇಕು. ನೀರು ಆರಿ ಕಡ್ಡಿಗೇ ಬೆಂಕಿ ಹತ್ತಿದರೆ ಮರದ ಹಳದಿ ಉರಿ ಎಲ್ಲವನ್ನೂ ಕೆಡಿಸುತ್ತದೆ, ಹಾಗಾಗಿ ನಿಮಗೆ ಸಿಗುವುದು ಕೆಲವು ಸೆಕೆಂಡುಗಳು. ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟುಕೊಂಡು ಉರಿದ ಕಡ್ಡಿಯನ್ನು ಕೂಡಲೇ ಅದರಲ್ಲಿ ಮುಳುಗಿಸಿ. ದ್ರಾವಣವನ್ನು ಸ್ಪ್ರೇ ಬಾಟಲಿಯಿಂದ ಜ್ವಾಲೆಗೆ ಚಿಮುಕಿಸುವವರೂ ಇದ್ದಾರೆ. ಬಣ್ಣ ದೊಡ್ಡದಾಗಿ ಕಾಣುತ್ತದೆ ನಿಜ, ಆದರೆ ಆ ತುಂತುರನ್ನು ಮಕ್ಕಳು ಉಸಿರಾಡುತ್ತಾರೆ. ಬೇರಿಯಂ, ತಾಮ್ರಗಳನ್ನು ಹಾಗೆ ಚಿಮುಕಿಸುವುದನ್ನು ನಾನು ಒಪ್ಪುವುದಿಲ್ಲ.

ಸ್ಪಿರಿಟ್ ದೀಪವನ್ನೇ ಮುಂದುವರಿಸುವುದಾದರೆ ಒಂದು ಮಾತು. ಉರಿಯುತ್ತಿರುವ ದೀಪಕ್ಕೆ ಸ್ಪಿರಿಟ್ ತುಂಬಲು ಹೋಗಿ ವಿದ್ಯಾರ್ಥಿಯೊಬ್ಬನ ಮುಂಗೈ ಸುಟ್ಟದ್ದನ್ನು ನಾನು ಕೆಲಸದ ಆರಂಭದ ವರ್ಷಗಳಲ್ಲಿ ಕಣ್ಣಾರೆ ಕಂಡೆ. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ, ತಲುಪಲಾಗಲಿಲ್ಲ. ಅಂದಿನಿಂದ ಸ್ಪಿರಿಟ್ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಮೇಲೆಯೇ ದೀಪ ಹಚ್ಚಿಸುತ್ತಿದ್ದೆ.

ಬೇರಿಯಂ ಉಳಿದ ದ್ರಾವಣವನ್ನು ಹಾಗೆಯೇ ಚರಂಡಿಗೆ ಚೆಲ್ಲಬೇಡಿ. ಅದಕ್ಕೆ ಸೋಡಿಯಂ ಸಲ್ಫೇಟ್ ದ್ರಾವಣ ಅಥವಾ ನಿಮ್ಮಲ್ಲಿರುವ ಮೆಗ್ನೀಷಿಯಂ ಸಲ್ಫೇಟ್ ದ್ರಾವಣವನ್ನೇ ಧಾರಾಳವಾಗಿ ಸೇರಿಸಿದರೆ ಬೇರಿಯಂ ಸಲ್ಫೇಟ್ ಬಿಳಿಯಾಗಿ ತಳಕ್ಕೆ ಇಳಿಯುತ್ತದೆ. ಇದು ಕರಗದ ವಸ್ತುವಾದ್ದರಿಂದಲೇ ಹೊಟ್ಟೆಯ ಎಕ್ಸ್‌ರೇ ತೆಗೆಯುವಾಗ ರೋಗಿಗೆ ಕುಡಿಸುತ್ತಾರೆ. ಪಟಾಕಿಗಳಲ್ಲಿ ಬೇರಿಯಂ ಲವಣಗಳ ಬಳಕೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ನಿಷೇಧಿಸಿದ್ದನ್ನು ಈ ಸಂದರ್ಭದಲ್ಲಿ ಹೇಳಿದರೆ, ದೀಪಾವಳಿಯ ಹಸಿರು ಬೆಳಕು ಯಾವ ಲೋಹದ್ದೆಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಬಣ್ಣ ನೋಡಿ ಲೋಹ ಗುರುತಿಸಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಸುಳಿವು ಸಿಗುತ್ತದೆ, ತೀರ್ಪು ಸಿಗುವುದಿಲ್ಲ. ಪಿಯುಸಿಯ ಲವಣ ವಿಶ್ಲೇಷಣೆಯಲ್ಲಿ ಜ್ವಾಲೆ ಇಟ್ಟಿಗೆ ಕೆಂಪಾದ ಮೇಲೂ ಅಮೋನಿಯಂ ಆಕ್ಸಲೇಟ್ ಹಾಕಿ ಬಿಳಿ ಒತ್ತರ (ಕರಗದೆ ತಳಕ್ಕಿಳಿಯುವ ವಸ್ತು) ಬರುವುದನ್ನು ನೋಡಿದ ನಂತರವೇ ಕ್ಯಾಲ್ಸಿಯಂ ಎಂದು ಬರೆಯುತ್ತಾರೆ. ಹಸಿರಾದ ಮೇಲೂ ಪೊಟ್ಯಾಸಿಯಂ ಕ್ರೋಮೇಟಿನ ಹಳದಿ ಒತ್ತರ ಬಂದರೇ ಬೇರಿಯಂ. ಬಣ್ಣವನ್ನು ಬಿಟ್ಟು ಗೆರೆಯ ಸ್ಥಾನವನ್ನು ನೋಡತೊಡಗಿದಾಗ ಮಾತ್ರ ಈ ಪರೀಕ್ಷೆಗೆ ಖಚಿತತೆ ಬಂತು. ಬುನ್ಸೆನ್ ಮತ್ತು ಕಿರ್ಕಾಫ್ ಆ ದಾರಿಯಿಂದಲೇ 1860ರಲ್ಲಿ ಸೀಸಿಯಂ, ಮರುವರ್ಷ ರುಬಿಡಿಯಂ ಕಂಡುಹಿಡಿದರು.

ಹಸಿರನ್ನು ಗುರುತಿಸದ ನಿಮ್ಮ ಹುಡುಗನ ವಿಷಯವೂ ಇಲ್ಲಿಗೇ ಬಂದು ಸೇರುತ್ತದೆ. ಅಂದು ಹಸಿರಾಗಿ ಬಂದದ್ದು ಮೈಲುತುತ್ತಿನ ಜ್ವಾಲೆ, ಅದು ಉಳಿದವರಿಗೆಲ್ಲ ಸ್ಪಷ್ಟವಾಗಿ ಕಂಡಿದೆ; ಆದ್ದರಿಂದ ಅವನಿಗೆ ಕೆಂಪು-ಹಸಿರು ಬಣ್ಣಗುರುಡು ಇರಬಹುದು. ಇದು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಬಹಳ ಹೆಚ್ಚು, ಮತ್ತು ಇಂಥ ತರಗತಿಯಲ್ಲೇ ಮೊದಲ ಬಾರಿಗೆ ಬೆಳಕಿಗೆ ಬರುವುದುಂಟು. ಎಲ್ಲರೆದುರು ಕೇಳದೆ, ತಂದೆತಾಯಿಗೆ ತಿಳಿಸಿ ಕಣ್ಣಿನ ವೈದ್ಯರಲ್ಲಿ ಪರೀಕ್ಷೆ ಮಾಡಿಸಲು ಹೇಳಿ. 1863ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಫರ್ಡಿನೆಂಡ್ ರೈಕ್ ಎಂಬ ವಿಜ್ಞಾನಿ ಸತುವಿನ ಅದಿರನ್ನು ಪರೀಕ್ಷಿಸುತ್ತಿದ್ದರು. ಅವರಿಗೆ ಬಣ್ಣಗುರುಡು ಇದ್ದುದರಿಂದ ರೋಹಿತ ನೋಡಲು ಥಿಯೊಡೋರ್ ರಿಕ್ಟರ್ ಅವರನ್ನು ಕರೆದರು, ಅವರಿಗೆ ಕಂಡ ಕಡುನೀಲಿ ಗೆರೆಯಿಂದ ಇಂಡಿಯಂ ಎಂಬ ಹೊಸ ಲೋಹವೇ ಸಿಕ್ಕಿತು. ಆ ಹುಡುಗನಿಗೆ ಈ ಸಂಗತಿ ಹೇಳಿ. ಆಮೇಲೆ ಒಂದು ರಟ್ಟಿನ ಪೆಟ್ಟಿಗೆಯ ಒಂದು ಬದಿಗೆ ಬ್ಲೇಡಿನಿಂದ ಸಣ್ಣ ಸೀಳು ಮಾಡಿ, ಎದುರು ಬದಿಯಲ್ಲಿ ಹಳೆಯ ಡಿವಿಡಿಯ ತುಂಡನ್ನು ಓರೆಯಾಗಿ ಅಂಟಿಸಿ, ಒಳಗಿನ ಗೋಡೆಗೆ ಗ್ರಾಫ್ ಹಾಳೆಯ ಪಟ್ಟಿಯೊಂದನ್ನು ಅಳತೆಗೆಂದು ಹಚ್ಚಿ ಅವನ ಕೈಗೆ ಕೊಡಿ. ಉಳಿದವರು ಬಣ್ಣದ ಹೆಸರು ಹೇಳುವಾಗ ಅವನು ಪ್ರತಿ ಲವಣಕ್ಕೂ ಗೆರೆ ಯಾವ ಅಂಕಿಯ ಎದುರು ಬಿತ್ತೆಂದು ಬರೆದುಕೊಳ್ಳಲಿ. ಸೋಡಿಯಂನ ಗೆರೆ ಪ್ರತಿ ಸಲವೂ ಒಂದೇ ಅಂಕಿಯ ಎದುರು ಬೀಳುತ್ತದೆ, ಯಾವ ತಂತಿ ಇನ್ನೂ ಶುಚಿಯಾಗಿಲ್ಲ ಎಂಬುದನ್ನು ತರಗತಿಗೆ ಅವನೇ ಹೇಳಬಲ್ಲ.